ಕದದ ಒಳಮೈ

"ಗುರುಗಳೇ, ಈ ಮೃಗ ಕಾಯುತ್ತಿರುವುದು ಯಾರನ್ನು? ಸತ್ತವರನ್ನು ನಮ್ಮಿಂದಲೋ, ನಮ್ಮನ್ನು ಸತ್ತವರಿಂದಲೋ?"

ಕೇಳಿದ ಶಿಷ್ಯನ ಹೆಸರು ವೆಯ್. ಗುರುವೂ ಅವನೂ ಚೀನಾ ದೇಶದ ಬಡಗಣ ಬೆಟ್ಟಗಳ ದಾರಿಯಲ್ಲಿ ನಡೆದು ಹೋಗುತ್ತಿದ್ದರು. ಹಿಂದಿನ ವರ್ಷದ ಮಳೆಗೆ ಗುಡ್ಡದ ಹಳದಿ ಮಣ್ಣು ಕುಸಿದು, ಒಳಗಿದ್ದ ಒಂದು ಹಳೆಯ ಸಮಾಧಿಯ ಬಾಗಿಲು ಹೊರಗೆ ಕಾಣುತ್ತಿತ್ತು. ಎರಡು ಕಲ್ಲಿನ ಕದಗಳು. ಎರಡರ ಮೇಲೂ ಒಂದೇ ಕೆತ್ತನೆ. ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ, ನಡುವೆ ಬಾಯಲ್ಲಿ ಬಳೆ ಕಚ್ಚಿಕೊಂಡ ಮೃಗದ ಮುಖ, ಕೆಳಗೆ ತಲೆ ತಗ್ಗಿಸಿ ಹಾಯಲು ನಿಂತ ಒಂಟಿಕೊಂಬಿನ ಪ್ರಾಣಿ. ವೆಯ್ ಹತ್ತು ಹೆಜ್ಜೆ ದೂರದಲ್ಲೇ ನಿಂತಿದ್ದ. ಹತ್ತಿರ ಹೋಗಲು ಅವನಿಗೆ ಮನಸ್ಸಾಗಲಿಲ್ಲ.

ಗುರು ದಾರಿಯ ಬದಿಯ ಬಂಡೆಯ ಮೇಲೆ ಕುಳಿತರು. ಅವನಿಗೂ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಹಾನ್ ಅರಸರ ಕಾಲದಲ್ಲಿ ಷು ಲಿಯಾಂಗ್ ಎಂಬ ಕಲ್ಲುಕುಟಿಗನಿದ್ದ. ನಲವತ್ತು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಸಮಾಧಿಗಳಿಗೆ ಬಾಗಿಲು ಕೆತ್ತುವುದು. ನೆಲದೊಳಗಿನ ಇಕ್ಕಟ್ಟಾದ ಕೋಣೆಗಳಲ್ಲಿ ಸುತ್ತಿಗೆಯ ಸದ್ದಿಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಕೆಲಸಗಾರನ ಕಿವಿಯನ್ನೇ ಹೊಕ್ಕು ಕೂರುತ್ತದೆ. ಐವತ್ತು ದಾಟುವ ಹೊತ್ತಿಗೆ ಅವನ ಎರಡೂ ಕಿವಿಗಳು ಹೋಗಿದ್ದವು. ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಕೂಗಿದರೆ ಅಷ್ಟಿಷ್ಟು ಕೇಳಿಸುತ್ತಿತ್ತು. ಉಳಿದುದಕ್ಕೆಲ್ಲ ಅಂಗೈಯೇ ಅವನಿಗೆ ಕಿವಿ. ಕಲ್ಲಿಗೆ ಒಂದು ಅಂಗೈ ಒತ್ತಿ, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿದರೆ, ಒಳಗೆ ಬಿರುಕು ಎಲ್ಲಿದೆ, ಎಷ್ಟು ಉದ್ದವಿದೆ ಎಂದು ಹೇಳುತ್ತಿದ್ದ. ಅವನು ಹೇಳಿದ್ದು ತಪ್ಪುತ್ತಿರಲಿಲ್ಲ.

ಒಂದು ವಸಂತದಲ್ಲಿ ರೇಷ್ಮೆ ವ್ಯಾಪಾರಿ ಗುವೋ ಯಾನ್ ಅವನನ್ನು ಕರೆಸಿದ. ಹಿಂದಿನ ಚಳಿಗಾಲದಲ್ಲಿ ಗುವೋ ಯಾನನ ಹೆಂಡತಿ ತೀರಿಕೊಂಡಿದ್ದಳು. ಅವಳನ್ನು ಊರಾಚೆಯ ಗುಡ್ಡದೊಳಗೆ ತೋಡಿಸಿದ ಸಮಾಧಿಯಲ್ಲಿ ಇರಿಸಿ, ಬಾಯಿಗೆ ಇಟ್ಟಿಗೆ ಕಟ್ಟಿ ಬಂದಿದ್ದರು. ಈಗ ಅದಕ್ಕೆ ಕಲ್ಲಿನ ಬಾಗಿಲು ಆಗಬೇಕಿತ್ತು. ಗಂಡ ಹೆಂಡತಿ ಒಂದೇ ಸಮಾಧಿಯಲ್ಲಿ ಮಲಗುವುದು ಆ ನಾಡಿನ ಪದ್ಧತಿ. ಹೆಂಡತಿಯ ಪೆಟ್ಟಿಗೆ ಎಡಕ್ಕೆ ಇತ್ತು. ಬಲಗಡೆಯ ಜಾಗ ಖಾಲಿಯಿತ್ತು.

ಲಿಯಾಂಗ್ ವ್ಯಾಪಾರಿಯ ಮನೆಗೆ ಹೋದಾಗ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಆ ದೊಡ್ಡ ಮನೆಯಲ್ಲಿ ಎಲ್ಲೂ ಬಾಗಿಲಿರಲಿಲ್ಲ. ಚೌಕಟ್ಟುಗಳಿದ್ದವು, ಹೊಸ್ತಿಲುಗಳಿದ್ದವು, ಕದಗಳಿರಲಿಲ್ಲ. ಕದ ಕಿತ್ತ ಗಾಯ ಮರದಲ್ಲಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಬೀದಿಯಿಂದ ಹಿತ್ತಲಿನವರೆಗೆ ಗಾಳಿ ನೇರವಾಗಿ ಹರಿಯುತ್ತಿತ್ತು. ಆಳುಗಳು ದಪ್ಪ ಅಂಗಿ ತೊಟ್ಟು ಓಡಾಡುತ್ತಿದ್ದರು.  

ಅವನು ನೆಲದ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಇದ್ದಿಲಿನಿಂದ ಬಾಗಿಲಿನ ಚಿತ್ರ ಬರೆದು ತೋರಿಸಿದ.

"ಮೇಲೆ ಕೆಂಪು ಹಕ್ಕಿ ಬರುತ್ತದೆ ಯಜಮಾನರೇ. ಹೋದ ಜೀವಕ್ಕೆ ದಾರಿ ತೋರುವುದು ಅದು. ನಡುವೆ ಮೃಗದ ಮುಖ. ಕೆಟ್ಟದ್ದು ಯಾವುದೂ ಒಳಗೆ ಹೋಗದ ಹಾಗೆ ನೋಡಿಕೊಳ್ಳುತ್ತದೆ. ಅದನ್ನೂ ದಾಟಿ ಬಂದರೆ ಕೆಳಗಿನ ಒಂಟಿಕೊಂಬಿನದು ಹಾಯುತ್ತದೆ. ಒಳಗೋಡೆಗೆ ಪಡುವಣ ಬೆಟ್ಟದ ಮಹಾತಾಯಿ, ಪಕ್ಕದಲ್ಲಿ ಸಾವಿಲ್ಲದ ಮದ್ದು ಕುಟ್ಟುವ ಮೊಲ, ಚಂದ್ರನೊಳಗಿನ ಕಪ್ಪೆ. ಕೊನೆಯದಾಗಿ ಅರೆತೆರೆದ ಬಾಗಿಲಿನ ಚಿತ್ರ. ಒಂದು ಕದ ಮುಚ್ಚಿರುತ್ತದೆ. ಇನ್ನೊಂದನ್ನು ಹಿಡಿದುಕೊಂಡು ಒಬ್ಬ ಹೆಣ್ಣುಮಗಳು ಇಣುಕಿ ನೋಡುತ್ತಿರುತ್ತಾಳೆ. ಬರುವವರನ್ನು ಎದುರುಗೊಳ್ಳುವವಳು ಅವಳು."

ಗುವೋ ಯಾನ್ ಬಗ್ಗಿ ಅವನ ಕಿವಿಯ ಹತ್ತಿರ ಬಾಯಿ ತಂದ.

"ಹೆಣ್ಣು ಬೇಡ. ಆ ಬಾಗಿಲು ಮುಚ್ಚಿರಲಿ."

"ಆಗಲಿ."

"ಮೃಗ ಎರಡೂ ಕಡೆ ಬೇಕು. ಕದದ ಹೊರಗೂ, ಒಳಗೂ. ಒಳಗಿನದು ಇನ್ನೂ ದೊಡ್ಡದಾಗಿರಲಿ. ಅದರ ಕಣ್ಣು ಒಳಗೆ ನೋಡುತ್ತಿರಲಿ."

ಲಿಯಾಂಗ್ ಇದ್ದಿಲನ್ನು ಕೆಳಗಿಟ್ಟ. ನಲವತ್ತು ವರ್ಷದಲ್ಲಿ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ.

"ಒಳಗಿರುವವರು ನಿಮ್ಮ ಮನೆಯವರಲ್ಲವೇ ಯಜಮಾನರೇ? ಅವರತ್ತ ಮೃಗವನ್ನು ಏಕೆ ತಿರುಗಿಸಬೇಕು?"

 ಕದ ಎಷ್ಟು ದಪ್ಪ ಬರುತ್ತದೆ ಎಂದು ಗುವೋ ಯಾನ್ ಕೇಳಿದ.

ಲಿಯಾಂಗ್ ಕೆಲಸ ಶುರುಮಾಡಿದ. ಸಮಾಧಿಯ ಬಾಯಿಯ ಇಟ್ಟಿಗೆ ತೆಗೆಸಿ, ಕಲ್ಲಿನ ಚೌಕಟ್ಟು ಕೂರಿಸಿದ. ಕದಗಳನ್ನು ಹೊರಗೆ ಬಿಸಿಲಿನಲ್ಲಿ ಕೆತ್ತಿ, ಹತ್ತು ಜನರ ಕೈಯಿಂದ ಎತ್ತಿಸಿ ನಿಲ್ಲಿಸಿದ. ಕದದ ಮೇಲೂ ಕೆಳಗೂ ಬಿಟ್ಟಿದ್ದ ಕಲ್ಲಿನ ಮೊನೆಗಳು ಚೌಕಟ್ಟಿನ ಕುಳಿಗಳಲ್ಲಿ ಕೂತವು. ಒಂದು ಬೆರಳಿನಿಂದ ದೂಡಿದರೆ ತಿರುಗುವಷ್ಟು ಹದವಾಗಿತ್ತು. ಎತ್ತಿದವರು ಹೊರಟುಹೋದರು. ಒಳಮೈಯ ಮೃಗವನ್ನು ಕೆತ್ತುವುದು ಬಾಕಿಯಿತ್ತು. ಅದಕ್ಕೆ ಅವನೊಬ್ಬನೇ ಸಾಕಿತ್ತು.

ಮಾರನೆಯ ದಿನ ನಡುಹಗಲಿನಲ್ಲಿ ಅವನು ಕದಗಳನ್ನು ಮುಚ್ಚಿ, ಎರಡರ ಸೇರುವೆ ನೋಡುತ್ತಿದ್ದ. ಹೊರಗೆ ನಿಂತು ಬಲಗದಕ್ಕೆ ಅಂಗೈ ಒತ್ತಿದ್ದ. ಆಗ ಅಂಗೈಗೆ ಏನೋ ತಾಗಿತು. ಮೂರು ಸಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ.

ಅವನು ಹಿಂದೆ ತಿರುಗಿ ನೋಡಿದ. ಗುಡ್ಡದ ಮೇಲೆ ಯಾರೂ ಇರಲಿಲ್ಲ. ಬಿಸಿಲು ನೆಟ್ಟಗೆ ಬಿದ್ದಿತ್ತು. ಕೈ ಹಾಗೇ ಇಟ್ಟುಕೊಂಡು ಕಾದ. ಮತ್ತೆ ಮೂರು.

ಎತ್ತಲು ಬಂದವರಲ್ಲಿ ಯಾರೋ ಒಳಗೇ ಉಳಿದುಬಿಟ್ಟಿದ್ದಾರೆ ಎಂದುಕೊಂಡು ಅವಸರದಿಂದ ಕದ ದೂಡಿದ. ಒಳಗೆ ಯಾರೂ ಇರಲಿಲ್ಲ. ಎಡಗಡೆ ಅರಗು ಬಳಿದ ಶವಪೆಟ್ಟಿಗೆ ಇತ್ತು. ಅದರ ಸುತ್ತ ನೆಲದ ಮೇಲೆ ಧೂಳು ಹಾಸಿದಂತೆ ಬಿದ್ದಿತ್ತು. ಧೂಳಿನಲ್ಲಿ ಅವನ ಹೆಜ್ಜೆ ಬಿಟ್ಟು ಬೇರೆ ಹೆಜ್ಜೆ ಇರಲಿಲ್ಲ.

ಅದರ ಮರುದಿನವೂ ನಡುಹಗಲಿನಲ್ಲಿ ಹಾಗೇ ಆಯಿತು. ಮೂರನೆಯ ದಿನವೂ ಆಯಿತು. ಕಲ್ಲು ಕಾದಾಗ ಒಳಗೊಳಗೇ ಸಿಡಿಯುವುದುಂಟು ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಕಲ್ಲು ಸಿಡಿಯುವುದನ್ನು ಅವನು ಬಲ್ಲ. ಅದಕ್ಕೆ ಎಣಿಕೆ ಇರುವುದಿಲ್ಲ.

ಗುವೋ ಯಾನ್ ಕೆಲಸ ನೋಡಲು ಬಂದಾಗ ಲಿಯಾಂಗ್ ಕೇಳಿದ. "ಯಜಮಾನರೇ, ಈ ಗುಡ್ಡದಲ್ಲಿ ಬೇರೆ ಯಾರಾದರೂ ಅಗೆಯುತ್ತಿದ್ದಾರೆಯೇ? ಹಗಲು ಹೊತ್ತು ಕದಕ್ಕೆ ಯಾರೋ ತಟ್ಟಿದ ಹಾಗಾಗುತ್ತದೆ."

 ಗುವೋ ಯಾನ್ ಲಿಯಾಂಗನ ತೋಳು ಹಿಡಿದುಕೊಂಡ.

"ನಿನಗೂ ಕೇಳಿಸಿತೇ?"

"ನನಗೆ ಕಿವಿ ಇಲ್ಲ. ಕೈಗೆ ತಾಗಿತು."

"ಎಷ್ಟು ಸಲ?"

"ಮೂರು."

ಗುವೋ ಯಾನ್ ಕದದತ್ತ ನೋಡಲಿಲ್ಲ. ಗುಡ್ಡದ ಕೆಳಗಿನ ತನ್ನ ಮನೆಯತ್ತ ನೋಡುತ್ತ ಕೂಗಿ ಹೇಳಿದ. "ಈ ಕದ ಸಾಲದು. ಇದರ ಎರಡರಷ್ಟು ದಪ್ಪದ್ದು ಮಾಡು. ಕರಿಯ ಕಲ್ಲು ತರಿಸು. ಇಲ್ಲಿ ನಿಂತರೆ ನನಗೆ ಏನೂ ಕೇಳಿಸುವುದಿಲ್ಲ. ಮನೆಯಲ್ಲಿ ಕೇಳಿಸುತ್ತದೆ. ಕದಗಳನ್ನೆಲ್ಲ ಕೀಳಿಸಿದೆ. ಆದರೂ ಕೇಳಿಸುತ್ತದೆ. ಇಲ್ಲಿ ತಟ್ಟುವುದು ನಿಂತರೆ ಅಲ್ಲಿಯೂ ನಿಲ್ಲುತ್ತದೆ."

ಲಿಯಾಂಗ್ ಕೆಲಸ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಕಲ್ಲು ಕೆತ್ತುವವನಿಗೆ ಕಲ್ಲು ದಪ್ಪವಾದರೆ ಸದ್ದು ಸಾಯುತ್ತದೆ ಎಂಬ ನಂಬಿಕೆ ಇತ್ತು. ಅವನು ಕರಿಯ ಕಲ್ಲು ತರಿಸಿ, ಬೇಸಿಗೆಯೆಲ್ಲ ಕೂತು ಎರಡನೆಯ ಜೋಡಿ ಕದ ಮಾಡಿದ. ಮೊದಲ ಜೋಡಿಯನ್ನು ತೆಗೆಸಿ ಅದರ ಜಾಗದಲ್ಲಿ ನಿಲ್ಲಿಸಲು ಇಪ್ಪತ್ತು ಜನ ಬೇಕಾಯಿತು. ಒಳಮೈಯಲ್ಲಿ ಮೃಗ ಕೆತ್ತಿದ. ಅವನು ಕೆತ್ತಿದ ಮೃಗಗಳಲ್ಲೇ ಅದು ದೊಡ್ಡದು. ಹುಬ್ಬು ಮೇಲೆದ್ದಿತ್ತು. ಕಣ್ಣುಗುಡ್ಡೆಗಳು ಕಲ್ಲಿನಿಂದ ಹೊರಗೆ ಚಾಚಿದ್ದವು. ಪೆಟ್ಟಿಗೆ ಇದ್ದ ಕಡೆಗೇ ಅದು ನೋಡುತ್ತಿತ್ತು. ಕೆತ್ತುವಾಗ ಪೆಟ್ಟಿಗೆಗೆ ಬೆನ್ನು ಹಾಕಿ ಕೂರಬೇಕಾಗುತ್ತಿತ್ತು. ಅವನು ಅದಕ್ಕೂ ಒಗ್ಗಿಕೊಂಡ.

ಕೆತ್ತನೆ ಮುಗಿದ ದಿನ ಕದ ಮುಚ್ಚಿ, ಹೊರಗೆ ನಿಂತು, ಅಂಗೈ ಒತ್ತಿದ. ಮೂರು ಸಲ ತಾಗಿತು. ಮೊದಲಿನಷ್ಟೇ ಬಿರುಸು. ಕಲ್ಲು ದಪ್ಪವಾದದ್ದು ಅದಕ್ಕೆ ಗೊತ್ತೇ ಇಲ್ಲವೆಂಬಂತೆ ಇತ್ತು.

ಅಂದಿನಿಂದ ಲಿಯಾಂಗ್ ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಲು ತೊಡಗಿದ. ಹೊರಮೈಯ ಹಕ್ಕಿಯ ಗರಿಗಳನ್ನು ಬಟ್ಟೆ ಸುತ್ತಿದ ಕೈಯಲ್ಲೇ ತಿದ್ದಿದ. ಗೆರೆ ಸರಿಯಾಗಿ ಬೀಳಲಿಲ್ಲ. ಅದು ತಿಳಿದರೂ ಬಟ್ಟೆ ಬಿಚ್ಚಲಿಲ್ಲ.

ವ್ಯಾಪಾರಿಯ ಮನೆಯಿಂದ ಅವನಿಗೆ ದಿನವೂ ಊಟ ತರುತ್ತಿದ್ದವಳು ತಾವ್ ಎಂಬ ಮುದುಕಿ. ಸತ್ತವಳು ಮದುವೆಯಾಗಿ ಬಂದಾಗ ತವರಿನಿಂದ ಜೊತೆಗೆ ಬಂದ ದಾದಿ. ತಾವ್ ಸಮಾಧಿಯ ಬಾಯಿಯವರೆಗೆ ಬಂದು, ಬುಟ್ಟಿ ಇಟ್ಟು, ಒಳಗೆ ನೋಡದೆ ಹೋಗುತ್ತಿದ್ದಳು. ಚಳಿ ಶುರುವಾದ ಮೇಲೆ ಒಂದು ದಿನ ಅವಳು ಹೋಗಲಿಲ್ಲ. ಅವನ ಕೈಯ ಬಟ್ಟೆಯನ್ನು ನೋಡುತ್ತ ನಿಂತಳು. ಏನೋ ಅಂದಳು. ತುಟಿ ಆಡಿದ್ದು ಕಂಡಿತೇ ಹೊರತು ಅವನಿಗೆ ಕೇಳಿಸಲಿಲ್ಲ.

"ಗಟ್ಟಿಯಾಗಿ ಹೇಳು ಅಕ್ಕಾ. ನನಗೆ ಕೇಳುವುದಿಲ್ಲ."

ಅವಳು ಮತ್ತೆ ಪಿಸುಗುಟ್ಟಿದಳು. ಅವನು ತಲೆಯಾಡಿಸಿದ. ಅವಳು ಅತ್ತಿತ್ತ ನೋಡಿದಳು. ಆಮೇಲೆ ಅವನ ಕಿವಿಗೆ ಬಾಯಿಟ್ಟು ಕೂಗಿದಳು.

"ಮೂರು ದಿನ ತಟ್ಟಿದಳು ತಮ್ಮಾ!"

ಗುಡ್ಡ ಅದನ್ನು ಮತ್ತೊಮ್ಮೆ ಹೇಳಿತು. ತಾವ್ ಬಾಯಿಗೆ ತೋಳಿನ ಬಟ್ಟೆ ಒತ್ತಿಕೊಂಡಳು. ಒಂದು ವರ್ಷದಿಂದ ಅವಳು ಯಾರ ಮುಂದೆಯೂ ಆಡದಿದ್ದ ಮಾತು ಅದು. ಒಮ್ಮೆ ಕೂಗಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಉಳಿದದ್ದನ್ನೂ ಕೂಗಿಯೇ ಹೇಳಿದಳು.

ಹಿಂದಿನ ಚಳಿಗಾಲದಲ್ಲಿ ಮೈಮೇಲೆ ಗುಳ್ಳೆ ಏಳುವ ಜ್ವರ ಊರಿಗೆ ಬಂದಿತ್ತು. ಒಂದು ಸಂಜೆ ಮನೆಯೊಡತಿಗೆ ಮೈ ಬಿಸಿಯಾಯಿತು. ಗುವೋ ಯಾನ್ ಹೆದರಿದ. ಅವಳು ಮಲಗಿದ್ದ ಕೋಣೆಗೆ ಹೊರಗಿನಿಂದ ಅಡ್ಡಪಟ್ಟಿ ಬಡಿಸಿದ. ಮನೆಯಲ್ಲಿ ಮೂವತ್ತು ಜನರಿದ್ದಾರೆ, ಒಬ್ಬಳಿಗಾಗಿ ಎಲ್ಲರನ್ನೂ ಸಾಯಿಸಲೇ ಎಂದು ಕೇಳಿದ. ಯಾರೂ ಎದುರು ಹೇಳಲಿಲ್ಲ. ಅವಳು ಒಳಗಿನಿಂದ ತಟ್ಟಿದಳು. ಮೂರು ಸಲ ತಟ್ಟಿ, ನಿಲ್ಲಿಸಿ, ಮತ್ತೆ ಮೂರು ಸಲ. ಮೊದಲ ದಿನ ಕೂಗಿದಳು ಕೂಡ. ಎರಡನೆಯ ದಿನ ಕೂಗು ಇರಲಿಲ್ಲ, ತಟ್ಟುವುದು ಇತ್ತು. ಮೂರನೆಯ ದಿನ ಬಾಗಿಲಿನ ಬುಡದಲ್ಲಿ ತಟ್ಟಿದಳು. ನಾಲ್ಕನೆಯ ದಿನ ಏನೂ ಇರಲಿಲ್ಲ.

"ನಾನು ಗಂಜಿ ಬಟ್ಟಲು ಹಿಡಿದುಕೊಂಡು ಹೊರಗೆ ನಿಂತಿದ್ದೆ. ಮೂರು ದಿನವೂ ನಿಂತಿದ್ದೆ. ಗಂಜಿ ತಣ್ಣಗಾಗುತ್ತಿತ್ತು, ಮತ್ತೆ ಬಿಸಿ ಮಾಡಿ ತರುತ್ತಿದ್ದೆ. ಪಟ್ಟಿ ಕಿತ್ತು ಹಾಕಲು ಎಷ್ಟು ಹೊತ್ತು ಬೇಕು? ಕೀಳಲಿಲ್ಲ. ಆಮೇಲೆ ಮೈ ತೊಳೆಯಲು ನನ್ನನ್ನೇ ಕರೆದರು. ಬಾಗಿಲಿನ ಒಳಗಡೆ ಬಣ್ಣ ಹೋಗಿತ್ತು. ಎದೆಯ ಎತ್ತರದಲ್ಲಿ ಹೋಗಿತ್ತು, ಸೊಂಟದ ಎತ್ತರದಲ್ಲಿ ಹೋಗಿತ್ತು, ನೆಲದ ಹತ್ತಿರ ಹೋಗಿತ್ತು."

ಅವಳು ಉಸಿರು ತೆಗೆದುಕೊಂಡಳು.

"ಮೈಯೆಲ್ಲ ನೋಡಿದೆ. ಒಂದು ಗುಳ್ಳೆಯೂ ಇರಲಿಲ್ಲ."

ತಾವ್ ಹಿಂದಿನ ದಿನದ ಖಾಲಿ ಬುಟ್ಟಿ ಎತ್ತಿಕೊಂಡು ಇಳಿದು ಹೋದಳು. ಲಿಯಾಂಗ್ ಊಟ ಮಾಡಲಿಲ್ಲ.  ಅವಳು ತಟ್ಟುತ್ತಿದ್ದ ಬಾಗಿಲಿಗೆ ಮರದ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ಕರಿಯ ಕಲ್ಲು ಸೇರಿತ್ತು. ಅದರಲ್ಲಿ ಎರಡು ಅವನ ಕೈಯಿಂದಲೇ ಆದದ್ದು. ಮೃಗವೂ ಅವನದೇ.

ಅವನು ಅಂಗೈಯ ಬಟ್ಟೆ ಬಿಚ್ಚಿದ. ಕದ ಮುಚ್ಚಿತ್ತು. ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ. ತಟ್ಟಿ, ಅಂಗೈ ಒತ್ತಿ ನಿಂತ.

ಏನೂ ಇಲ್ಲ. ಕಲ್ಲು ತಣ್ಣಗಿತ್ತು. ಅವನು ಅಂಗೈಯನ್ನು ನಿಧಾನವಾಗಿ ಕೆಳಕ್ಕೆ ಸರಿಸಿದ. ಎದೆಯ ಎತ್ತರದಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ. ಕೊನೆಗೆ ನೆಲದ ಮೇಲೆ ಮಂಡಿಯೂರಿ ಹೊಸ್ತಿಲ ಹತ್ತಿರ ಒತ್ತಿದ.

ಅಲ್ಲಿ ಒಂದು ಸಲ ತಾಗಿತು. ಒಂದೇ ಸಲ.

ಲಿಯಾಂಗ್ ಕದ ದೂಡಿ ಒಳಗೆ ಹೋದ. ಪೆಟ್ಟಿಗೆ ಇದ್ದಲ್ಲೇ ಇತ್ತು. ಅದರ ಪಕ್ಕ ಧೂಳಿನ ಮೇಲೆ ಕುಳಿತ. ಮೃಗ ಅವನನ್ನೂ ನೋಡುತ್ತಿತ್ತು. ತಾನು ಕೆತ್ತಿದ ಕಣ್ಣುಗಳ ಎದುರು ಅವನು ಕುಳಿತದ್ದು ಅದೇ ಮೊದಲು. ಅಲ್ಲಿಂದ ಏಳುವಾಗ, ಈ ಕೆಲಸವನ್ನು ಇನ್ನು ಮುಂದುವರಿಸುವುದಿಲ್ಲ ಎಂದು ಅವನು ನಿಶ್ಚಯಿಸಿಯಾಗಿತ್ತು. ಮರುದಿನ ಬೆಳಿಗ್ಗೆ ಅದನ್ನು ಹೇಳಲು ವ್ಯಾಪಾರಿಯ ಮನೆಗೆ ಹೊರಟ.

ಮನೆಯ ಮುಂದೆ ಅಂಗಳದಲ್ಲಿ ಆಳುಗಳೆಲ್ಲ ಗುಂಪಾಗಿ ನಿಂತಿದ್ದರು. ಮೂಗು ಬಾಯಿಗೆ ತೋಳಿನ ಬಟ್ಟೆ ಅಡ್ಡ ಹಿಡಿದಿದ್ದರು. ಯಜಮಾನನಿಗೆ ಜ್ವರ ಬಂದು ಎರಡು ದಿನವಾಗಿತ್ತು. ಗುಳ್ಳೆಗಳು ಎದ್ದಿದ್ದವು. ಒಳಗೆ ಯಾರೂ ಹೋಗಿರಲಿಲ್ಲ. ಅಡುಗೆಯವನು ಲಿಯಾಂಗನನ್ನು ತಡೆದು ಕಿವಿಯಲ್ಲಿ ಕೂಗಿದ.

"ಹೋಗಬೇಡ! ಅವಳು ಮನೆಗೇ ಬಂದಿದ್ದಾಳೆ. ಯಜಮಾನರು ಹೇಳುತ್ತಿದ್ದರಲ್ಲ, ಯಾರೂ ನಂಬಿರಲಿಲ್ಲ. ಈಗ ನಮಗೆಲ್ಲ ಕೇಳುತ್ತಿದೆ. ಬೆಳಗಿನಿಂದ ತಟ್ಟುತ್ತಿದ್ದಾಳೆ."

ಲಿಯಾಂಗ್ ತಲೆಬಾಗಿಲಿನವರೆಗೆ ಹೋದ. ಕದವಿಲ್ಲದ ಚೌಕಟ್ಟಿಗೆ ಅಂಗೈ ಒತ್ತಿದ. ಮರದಲ್ಲಿ ಹರಿದು ಬಂತು. ಮೂರು ಸಲ. ಬಿಡುವು. ಮತ್ತೆ ಮೂರು. ಕೆಳಗೆ, ನೆಲದ ಹತ್ತಿರ.

  ಒಂದು ಸಮಾಧಿಯಲ್ಲಿ ಕೂತು ಬಂದವನು ಅವನು. ಆದರೂ ಒಂದು ಹೆಜ್ಜೆ ಹಿಂದೆ ಸರಿದ. ಚೌಕಟ್ಟಿನಿಂದ ಕೈ ಮಾತ್ರ ತೆಗೆಯಲಿಲ್ಲ.

ಮತ್ತೆ ಮೂರು ಬಂದವು. ಈ ಸಲ ಮೂರನೆಯದು ಎರಡನೆಯದಕ್ಕಿಂತ ಮೆಲ್ಲಗಿತ್ತು. ಬಿಡುವು ಉದ್ದವಾಯಿತು. ಆಮೇಲೆ ಎರಡೇ ಬಂದವು.

ಗುಡ್ಡದಲ್ಲಿ ಎಂಟು ತಿಂಗಳು ಅವನ ಅಂಗೈಗೆ ತಾಗಿದ್ದು ಒಂದೇ ಬಿರುಸಿನದು. ಅದಕ್ಕೆ ಬೇಸಿಗೆ ಚಳಿಗಾಲ ಇರಲಿಲ್ಲ, ಕಲ್ಲು ತೆಳುವು ದಪ್ಪ ಇರಲಿಲ್ಲ. ಇದಕ್ಕೆ ದಣಿವಿತ್ತು.

"ಇದು ಅವಳಲ್ಲ" ಎಂದು ಅವನು ಗಟ್ಟಿಯಾಗಿ ಹೇಳಿದ. "ಇದು ದಣಿಯುತ್ತಿದೆ."

ಗುಂಪಿನಲ್ಲಿ ಯಾರೂ ಅಲುಗಾಡಲಿಲ್ಲ. ತಾವ್ ಅವರ ನಡುವೆ ನಿಂತಿದ್ದಳು. ಅವಳ ಕೈಯಲ್ಲಿ ಗಂಜಿ ಬಟ್ಟಲಿತ್ತು. ಅವಳು ಲಿಯಾಂಗನ ಮುಖ ನೋಡಿದಳು. ಆಮೇಲೆ ಬಟ್ಟಲನ್ನು ಎದೆಗೆ ಹಿಡಿದುಕೊಂಡು ಅವನನ್ನು ದಾಟಿ ಒಳಗೆ ನಡೆದಳು. ಲಿಯಾಂಗ್ ಅವಳ ಹಿಂದೆ ಹೋದ.

ಮೂರು ಕೋಣೆಗಳ ಆಚೆ ಗುವೋ ಯಾನ್ ನೆಲದ ಮೇಲೆ ಬಿದ್ದಿದ್ದ. ಹಾಸಿಗೆಯಿಂದ ತೆವಳಿಕೊಂಡು ಹೊಸ್ತಿಲವರೆಗೆ ಬಂದಿದ್ದ. ಅಲ್ಲಿಂದ ಮುಂದೆ ಬರಲಾಗಿರಲಿಲ್ಲ. ಬೆರಳ ಗೆಣ್ಣಿನಿಂದ ಚೌಕಟ್ಟಿನ ಬುಡಕ್ಕೆ ತಟ್ಟುತ್ತಿದ್ದ. ಗೆಣ್ಣು ಒಡೆದಿತ್ತು. ಅವರು ಬಂದ ಮೇಲೂ ಅವನ ಕೈ ತಟ್ಟುತ್ತಲೇ ಇತ್ತು. ತಾವ್ ಆ ಕೈಯನ್ನು ಹಿಡಿದುಕೊಂಡ ಮೇಲೆ ನಿಂತಿತು.

ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟು ಗಂಜಿ ಕುಡಿಸಿದಳು. ಅರ್ಧ ಕುಡಿದ ಮೇಲೆ ಅವನಿಗೆ ಮಾತು ಬಂತು.

"ಕೂಗಿದೆ. ಯಾರೂ ಬರಲಿಲ್ಲ. ಬಾಗಿಲು ತೆರೆದವರು ಯಾರು?"

"ಬಾಗಿಲು ಇರಲಿಲ್ಲ ಯಜಮಾನರೇ" ಎಂದಳು ತಾವ್.

ಅವನು ಆ ಖಾಲಿ ಚೌಕಟ್ಟನ್ನು ನೋಡಿದ. ಅದರಾಚೆ ಇನ್ನೊಂದು ಖಾಲಿ ಚೌಕಟ್ಟು, ಅದರಾಚೆ ಅಂಗಳ, ಅಂಗಳದಲ್ಲಿ ಅವನ ಆಳುಗಳು ಕಾಣುತ್ತಿದ್ದರು. ಆಗ ಅವನು ಅತ್ತ. ಲಿಯಾಂಗನಿಗೆ ಅಳು ಕೇಳಿಸಲಿಲ್ಲ. ಮುದುಕಿಯ ಮಡಿಲಲ್ಲಿ ಆ ದೊಡ್ಡ ಮೈ ಅಲುಗುವುದು ಕಂಡಿತು.

ಗುವೋ ಯಾನ್ ಆಮೇಲೆ ಒಂಬತ್ತು ದಿನ ಬದುಕಿದ್ದ. ತಾವ್ ಮತ್ತು ಲಿಯಾಂಗ್ ಇಬ್ಬರೇ ಅವನನ್ನು ನೋಡಿಕೊಂಡರು. ಲಿಯಾಂಗನಿಗೆ ಎಳವೆಯಲ್ಲೇ ಆ ಜ್ವರ ಬಂದು ಹೋಗಿತ್ತು. ತಾವ್‌ಗೆ ಬಂದಿರಲಿಲ್ಲ. ಅವಳು ಅದರ ಮಾತೆತ್ತಲಿಲ್ಲ. ಮೂರನೆಯ ದಿನ ಗುವೋ ಯಾನ್ ಕಲ್ಲುಕುಟಿಗನನ್ನು ಹತ್ತಿರ ಕರೆದ. ಕೂಗುವ ಶಕ್ತಿ ಅವನಿಗೆ ಇರಲಿಲ್ಲ. ಅವನು ಹೇಳಿದ್ದನ್ನು ತಾವ್ ಲಿಯಾಂಗನ ಕಿವಿಗೆ ಕೂಗಿ ಮುಟ್ಟಿಸಿದಳು.

"ಒಳಗಿನ ಮೃಗವನ್ನು ಅಳಿಸು ಅನ್ನುತ್ತಿದ್ದಾರೆ. ಗೋಡೆಯ ಮೇಲೆ ಆ ಹೆಣ್ಣನ್ನು ಕೆತ್ತು ಅನ್ನುತ್ತಿದ್ದಾರೆ. ಅರೆತೆರೆದ ಬಾಗಿಲಿನದು."

"ಯಾವ ಮುಖ ಕೆತ್ತಲಿ?"

"ಅಮ್ಮನವರದೇ ಅಂತೆ."

"ನಾನು ಅವರನ್ನು ಕಂಡಿಲ್ಲ. ಹೇಗಿದ್ದರು ಎಂದು ಕೇಳು."

ಗುವೋ ಯಾನ್ ಬಾಯಿ ತೆರೆದ. ಯೋಚಿಸಿದ. ಮತ್ತೆ ಬಾಯಿ ಮುಚ್ಚಿದ. ಹತ್ತೊಂಬತ್ತು ವರ್ಷ ಅವರು ಒಂದೇ ಮನೆಯಲ್ಲಿ ಬಾಳಿದ್ದರು. ಅವನು ಕಣ್ಣು ಮುಚ್ಚಿ ಹುಡುಕಿದ. ಹಣೆಯ ಮೇಲೆ ಬೆವರು ಬಂತು. ಕೊನೆಗೆ ತಲೆಯನ್ನು ಗೋಡೆಯ ಕಡೆಗೆ ಹೊರಳಿಸಿದ.

ತಾವ್ ಹೇಳಿದಳು. ಎಡಹುಬ್ಬು ಬಲಹುಬ್ಬಿಗಿಂತ ಸ್ವಲ್ಪ ಮೇಲಿತ್ತು. ಕೆನ್ನೆಯ ಮೂಳೆ ಅಗಲ. ಯಾರಾದರೂ ಬಂದರೆ ಪೂರ್ತಿ ಹೊರಗೆ ಬರುವವಳಲ್ಲ, ಮೊದಲು ಕುತ್ತಿಗೆ ಚಾಚಿ ನೋಡುತ್ತಿದ್ದಳು. ಕೆಳತುಟಿಯನ್ನು ಒಂದು ಬದಿಗೆ ಕಚ್ಚಿಕೊಳ್ಳುತ್ತಿದ್ದಳು. ಬಲಗಿವಿಯ ತುದಿ ಒಂದಿಷ್ಟು ಹರಿದಿತ್ತು, ಚಿಕ್ಕವಳಿದ್ದಾಗ ಓಲೆ ಸಿಕ್ಕಿಹಾಕಿಕೊಂಡು ಆದದ್ದು. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದವನು ಇದನ್ನೆಲ್ಲ ಕೇಳುತ್ತಿದ್ದ. ಓಲೆಯ ಮಾತು ಬಂದಾಗ "ಹೌದು" ಎಂದ.

ಲಿಯಾಂಗ್ ಹಗಲೆಲ್ಲ ಸಮಾಧಿಯಲ್ಲಿ ಕೆಲಸ ಮಾಡಿ ಸಂಜೆ ಬಂದು ರೋಗಿಯ ಪಕ್ಕ ಕೂರುತ್ತಿದ್ದ. ಮೃಗದ ಕಣ್ಣುಗಳನ್ನು ಮೊದಲು ತೆಗೆದ. ಹುಬ್ಬು ತೆಗೆದ. ಬಾಯಿ ತೆಗೆದ. ಕದದ ಒಳಮೈಯನ್ನು ಉಜ್ಜಿ ನಯ ಮಾಡಿದ. ಆಮೇಲೆ ಗೋಡೆಯಲ್ಲಿ ಬಾಗಿಲು ಕೆತ್ತಿದ. ಒಂದು ಕದ ಮುಚ್ಚಿದ್ದು, ಒಂದು ಕದ ಅರ್ಧ ತೆರೆದದ್ದು. ಕದದ ಅಂಚಿನಲ್ಲಿ ನಾಲ್ಕು ಬೆರಳು. ಅದರ ಮೇಲೆ ಅರ್ಧ ಮುಖ. ಆ ದಿನಗಳಲ್ಲಿ ಅವನು ಕದಕ್ಕೆ ಅಂಗೈ ಒತ್ತಿ ನೋಡಲಿಲ್ಲ. ಕದವನ್ನು ಮುಚ್ಚಲೂ ಇಲ್ಲ.

ಎಂಟನೆಯ ದಿನ ಗುವೋ ಯಾನ್ ಕೇಳಿದ್ದು ಒಂದೇ ಮಾತು. ತಾವ್ ಅದನ್ನು ಕೂಗಲಾರದೆ ಸ್ವಲ್ಪ ತಡೆದು ಕೂಗಿದಳು.

"ಮುಖದಲ್ಲಿ ಸಿಟ್ಟಿದೆಯೇ ಎಂದು ಕೇಳುತ್ತಿದ್ದಾರೆ."

ಲಿಯಾಂಗ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾನು ಕೆತ್ತಿದ್ದು ಅರ್ಧ ಮುಖ ಯಜಮಾನರೇ. ಉಳಿದರ್ಧ ಕದದ ಹಿಂದಿದೆ. ಅದನ್ನು ನೀವೇ ಹೋಗಿ ನೋಡಬೇಕು."

 ಗುವೋ ಯಾನ್ ಹೂಂ ಎಂದು ತಲೆಯಾಡಿಸಿದ. ಮರುದಿನ ಮಧ್ಯಾಹ್ನ ತೀರಿಕೊಂಡ.

ಅವನನ್ನು ಬಲಗಡೆ ಇರಿಸಿದರು. ಇಪ್ಪತ್ತು ಜನ ಹಗ್ಗ ಹಿಡಿದಿದ್ದರು, ಆದರೆ ಕದ ಹಗ್ಗವಿಲ್ಲದೆಯೇ ಮುಚ್ಚಿಕೊಂಡಿತು. ಎಲ್ಲರೂ ಹಿಂದೆ ನೋಡದೆ ಗುಡ್ಡ ಇಳಿದರು. ತಾವ್ ಕೂಡ ಇಳಿದಳು. ಅವಳಿಗೆ ಜ್ವರ ಬರಲಿಲ್ಲ, ಆಮೇಲೂ ಹತ್ತು ವರ್ಷ ಬಾಳಿದಳು. ಲಿಯಾಂಗ್ ಒಬ್ಬನೇ ಉಳಿದ. ಕದದ ಹೊರಮೈಯಲ್ಲಿ, ಹಕ್ಕಿಯ ಕೆಳಗೆ, ಅಂಗೈ ಒತ್ತಿ ನಿಂತ. ಎದೆಯ ಎತ್ತರದಲ್ಲಿ ನೋಡಿದ. ನೆಲದ ಹತ್ತಿರ ನೋಡಿದ. ಹೊತ್ತು ಇಳಿಯುವವರೆಗೆ ನೋಡಿದ. ಕಲ್ಲು ಬರಿಯ ಕಲ್ಲಾಗಿತ್ತು.

ಗುರು ಕತೆ ನಿಲ್ಲಿಸಿದರು. ಗುಡ್ಡದ ಕಡೆಯಿಂದ ಗಾಳಿ ಬಂದು ಸಮಾಧಿಯ ಬಾಗಿಲ ಮುಂದಿನ ಸಡಿಲ ಮಣ್ಣು ಸ್ವಲ್ಪ ಜಾರಿತು. ವೆಯ್ ಬೆಚ್ಚಿ ಅತ್ತ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ.

"ಹಾಗಾದರೆ ಸತ್ತವಳು ಕೊನೆಗೆ ಅವನನ್ನು ಕ್ಷಮಿಸಿ ತಟ್ಟುವುದನ್ನು ನಿಲ್ಲಿಸಿದಳೇ, ಗುರುಗಳೇ?"

"ಸತ್ತವಳು ಎಂದೂ ತಟ್ಟಲಿಲ್ಲ ವೆಯ್. ಲಿಯಾಂಗನ ಅಂಗೈಗೆ ತಾಗಿದ್ದು, ಯಾರೂ ತೆರೆಯದ ಆ ಕೋಣೆಯ ತಟ್ಟೇ. ತಟ್ಟಿದ ಮೂರು ದಿನವೂ ಅವಳು ಬದುಕಿದ್ದಳು."